ಮಾಮನ ಧ್ವನಿಗೆ ಬೀಗ ಬಿದ್ದ ಮಳೆಗಾಲ

ಈ ಬರಹವನ್ನು ಓದಲಿರುವ ಮಹನೀಯರಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಳೆದ ವಾರ ನಾನು ಕೊಯಮತ್ತೂರು ಸೀಮೆಯ ನೆಗಮಕ್ಕೆ ಹೋಗಿದ್ದೆ. ಬಿಡದೆ ಸುರಿದ ಮಳೆ ನಿಂತು ಬಿಸಿಲು ಬಂದ ದಿನವದು. ನೇಕಾರರ ಬೀದಿಯ ಉದ್ದಕ್ಕೂ ಹಾಸುನೂಲನ್ನು ಬಿಗಿದು ಕಟ್ಟಿ, ಅದಕ್ಕೆ ಗಂಜಿ ಹಾಕಿ ಕುಂಚದಿಂದ ಎಳೆಯುತ್ತಿದ್ದರು. ಬಸ್ಸಿನಿಂದ ಇಳಿದು ಬೀದಿಯ ತಿರುವಿಗೆ ಬರುವಷ್ಟರಲ್ಲಿ ಹುಳಿತ ಗಂಜಿಯ ಆ ವಾಸನೆ ಮೂಗಿಗೆ ತಗುಲಿತು. ತಗುಲಿದ ಕೂಡಲೇ ಎರಡು ವರ್ಷದ ಹಿಂದಿನ, ತಮಿಳು ಪಂಚಾಂಗದ ಐಪ್ಪಸಿ, ಕಾರ್ತಿಕ ತಿಂಗಳುಗಳು ಕಣ್ಣ ಮುಂದೆ ಬಂದು ನಿಂತವು. ಆ ಮಳೆಗಾಲದಲ್ಲಿ ಇದೇ ವಾಸನೆಗಾಗಿ, ಅಂದರೆ ಇಂತಹದೇ ಒಂದು ಬಿಸಿಲಿಗಾಗಿ, ಇಡೀ ಬೀದಿ ಕಾಯುತ್ತಿತ್ತು. ನಾವು ಮಾತ್ರ ಬೇರೊಂದಕ್ಕಾಗಿ ಕಾಯುತ್ತಿದ್ದೆವು. ಸದರಿ ಸಂಗತಿಯನ್ನು ಬರೆದಿಡುವುದು ಉಚಿತವೆಂದು ತೋರಿದ್ದರಿಂದ ಬರೆಯುತ್ತಿದ್ದೇನೆ.

ನನ್ನ ಬಗ್ಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಮನೆ ತುಡಿಯಲೂರಿನಲ್ಲಿ. ಉದ್ಯೋಗ ಕುರಿಚಿಯ ಕೈಗಾರಿಕಾ ವಸಾಹತಿನ ಒಂದು ಎರಕದ ಕಾರ್ಖಾನೆಯಲ್ಲಿ. ಅಲ್ಲಿಯ ಪತ್ರವ್ಯವಹಾರವೆಲ್ಲ ನನ್ನದು. ಸರಕು ತಡವಾದರೆ ವಿಷಾದ, ಬಂದರೆ ಕೃತಜ್ಞತೆ, ಕೆಟ್ಟಿದ್ದರೆ ಆಕ್ಷೇಪಣೆ, ಎಲ್ಲವನ್ನೂ ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಬರೆದು ಕಳಿಸುವವಳು ನಾನು. ಕನ್ನಡ ನಮ್ಮ ಮನೆಯೊಳಗಿನ ಮಾತು. ಅಡುಗೆಮನೆ ಮತ್ತು ಮಗ್ಗದ ಕೋಣೆಯನ್ನು ದಾಟಿ ಅದು ಹೊರಗೆ ಬಂದದ್ದು ಕಡಿಮೆ. ಅದಕ್ಕೂ ಅಕ್ಷರಗಳಿವೆ ಎಂಬುದು ಗೊತ್ತಿತ್ತು, ಆದರೆ ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ಬರಹದಲ್ಲಿ ಕಚೇರಿಯ ಕಾಗದದ ಧಾಟಿ ಕಂಡುಬಂದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ. ನನಗೆ ಬರುವುದು ಅದೊಂದೇ ಧಾಟಿ.

ನೆಗಮದಲ್ಲಿರುವವರು ನನ್ನ ಸೋದರಮಾವ, ಅಮ್ಮನ ತಮ್ಮ. ಹೆಸರು ರಾಮಲಿಂಗಂ. ಬೀದಿಯ ಮೂಲೆಯಲ್ಲಿ ಮನೆ, ಮನೆಯೊಳಗೆ ಕುಳಿಮಗ್ಗ, ಮಗ್ಗದ ಮುಂದೆ ಮಾಮ. ಅವರ ಮಾತು ಮತ್ತು ಮಗ್ಗದ ಸದ್ದು ಎರಡೂ ಒಟ್ಟಿಗೆ ನಡೆಯುತ್ತಿದ್ದವು. ಲಾಳಿ ಅತ್ತ ಹೋಗುವಾಗ ಒಂದು ಮಾತು, ಇತ್ತ ಬರುವಾಗ ಒಂದು ಮಾತು. ಅಂಚೆಯವನು ಬೀದಿಯ ಎಲ್ಲರ ಕಾಗದಗಳನ್ನೂ ಮೂಲೆಮನೆಯಲ್ಲೇ ಕೊಟ್ಟು ಹೋಗುವುದು ಅಜ್ಜನ ಕಾಲದಿಂದ ನಡೆದುಬಂದ ರೂಢಿ. ಮಾಮ ಅದನ್ನು ಮುಂದುವರಿಸಿದ್ದರು. ಯಾರು ಏನು ಕೇಳಿದರೂ ಅವರದು ಒಂದೇ ಉತ್ತರ: "ಅದ್ಕೇನು, ಆಗ್ಲಿ."

ಆ ವರ್ಷ ಐಪ್ಪಸಿಗೆ ಮುಂಚಿನ ಪುರಟ್ಟಾಸಿ ತಿಂಗಳು ಮುಗಿಯುವ ಹೊತ್ತಿಗೆ ಮಾಮನ ಗಂಟಲು ಒಡೆದಿತ್ತು. ಶೀತವೆಂದು ಕಷಾಯ ಕುಡಿದರು. ಕೊನೆಗೆ ನಾನೇ ಕೊಯಮತ್ತೂರಿಗೆ ಕರೆತಂದು ಆಸ್ಪತ್ರೆಗೆ ತೋರಿಸಿದೆ. ಪರೀಕ್ಷೆಗಳಾದ ಮೇಲೆ ವೈದ್ಯರು ನಮ್ಮನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಧ್ವನಿಪೆಟ್ಟಿಗೆಯಲ್ಲಿ ಗಂಟು ಬೆಳೆದಿದೆ. ಪೆಟ್ಟಿಗೆಯನ್ನೇ ತೆಗೆಯಬೇಕು. ತೆಗೆದರೆ ಜೀವ ಉಳಿಯುತ್ತದೆ, ಆದರೆ ಈ ಧ್ವನಿ ಇರುವುದಿಲ್ಲ. ಮುಂದೆ ಬೇರೆ ಉಪಾಯದಿಂದ ಒಂದಿಷ್ಟು ಮಾತಾಡುವುದನ್ನು ಕಲಿಯಬಹುದು, ಅದೂ ಕೂಡ ಬೇರೆಯದೇ ಧ್ವನಿಯಾಗಿರುತ್ತದೆ.

ನಾಗು ಅತ್ತೆ, ಅಂದರೆ ಮಾಮನ ಹೆಂಡತಿ, ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಾಮ ವೈದ್ಯರನ್ನೇ ನೋಡುತ್ತಾ, "ಜೀವ ಇರುತ್ತಲ್ಲ, ಸೆರಿಂಗ, ಅಷ್ಟು ಸಾಕು" ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ, "ನಲವತ್ತು ವರ್ಷದಿಂದ ಬಾಯ್ ಮುಚ್ಚು ಬಾಯ್ ಮುಚ್ಚು ಅಂತ ಬೇಡ್ಕೊಂಡ್ಯಲ್ಲ ನಾಗು, ನಮ್ ಗುಡಿ ಸೌಡಮ್ಮನಿಗೆ ಇವತ್ತು ಕೇಳಿಸ್ತು ನೋಡು" ಎಂದರು. ಅತ್ತೆ ಅತ್ತದ್ದು ಆಗಲೇ.

ಅದೇ ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ಮಾಡುವ ಒಬ್ಬ ಹುಡುಗಿ ಇದ್ದಳು. ಆಕೆ ನನ್ನನ್ನು ಪಕ್ಕಕ್ಕೆ ಕರೆದು, ಶಸ್ತ್ರಚಿಕಿತ್ಸೆಗೆ ಮೊದಲು ಅವರ ಮಾತುಗಳನ್ನು ಧ್ವನಿಮುದ್ರಿಸಿ ಇಟ್ಟುಕೊಳ್ಳಿ ಎಂದಳು. ಆಮೇಲೆ ಫೋನಿನ ಪರದೆಯ ಮೇಲೆ ಒಂದೊಂದು ಮಾತಿಗೆ ಒಂದೊಂದು ಗುಂಡಿ ಮಾಡಬಹುದು, ಒತ್ತಿದರೆ ಅವರದೇ ಧ್ವನಿಯಲ್ಲಿ ಆ ಮಾತು ಕೇಳುತ್ತದೆ. ಇದನ್ನು ಮಾಡುವ ವಿಧಾನವನ್ನು ಮಾತಿನ ಚಿಕಿತ್ಸಕರ ಒಂದು ಬಳಗ ಹಂತಹಂತವಾಗಿ ವಿವರಿಸಿ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿತ್ತು. ಗುಂಡಿ ಮಾಡುವ ಆ್ಯಪ್ ಕೂಡ ಉಚಿತ. ನಾನು ಅಂದೇ ಅದನ್ನೆಲ್ಲ ಮುದ್ರಿಸಿಕೊಂಡು, ಕಾರ್ಖಾನೆಯ ಗುತ್ತಿಗೆ ಪತ್ರ ಓದುವಂತೆ ಗೆರೆ ಎಳೆದು ಓದಿದೆ.

ಹೇಳಬೇಕಾದ ವಾಕ್ಯಗಳನ್ನು ಮೊದಲೇ ಬರೆದುಕೊಳ್ಳಿ ಎಂದು ಅದರಲ್ಲಿತ್ತು. ಮನೆಯ ಕನ್ನಡವನ್ನು ತಮಿಳು ಅಕ್ಷರಗಳಲ್ಲಿ ಬರೆಯಲು ಕುಳಿತೆ. ಬರೆದೆ, ಆದರೆ ಮನಸ್ಸಿಗೆ ಒಪ್ಪಿಗೆಯಾಗಲಿಲ್ಲ. ಮಾಮನ ಮಾತು ಇನ್ನೊಬ್ಬರ ಅಂಗಿ ತೊಟ್ಟುಕೊಂಡಂತಿತ್ತು. ಕನ್ನಡ ಅಕ್ಷರ ಕಲಿಸುವ ಒಂದು ಉಚಿತ ವೆಬ್‌ಸೈಟ್ ಸಿಕ್ಕಿತು. ಪರದೆಯ ಮೇಲೆ ಬೆರಳಿನಿಂದ ತಿದ್ದಿದರೆ ಅಕ್ಷರ ಹಸಿರಾಗುತ್ತದೆ, ತಪ್ಪಿದರೆ ಮತ್ತೆ ಬೂದು. ತುಡಿಯಲೂರಿನಿಂದ ಕುರಿಚಿಯವರೆಗೆ ಬಸ್ಸಿನಲ್ಲಿ ನಿಂತುಕೊಂಡೇ ತಿದ್ದುತ್ತಿದ್ದೆ. ಪಕ್ಕದಲ್ಲಿ ನಿಂತ ಹೆಂಗಸರು ಯಾವುದೋ ಹೊಸ ಆಟವೆಂದು ಇಣುಕಿ ನೋಡುತ್ತಿದ್ದರು. ಇಂದು ಈ ಬರಹ ಬರೆಯುತ್ತಿರುವುದು ಆ ಬಸ್ಸಿನ ವಿದ್ಯೆಯಿಂದಲೇ ಎಂಬುದನ್ನು ಇಲ್ಲಿ ದಾಖಲಿಸಬಯಸುತ್ತೇನೆ.

ಪ್ರತಿ ಶನಿವಾರ ಕೆಲಸ ಮುಗಿಸಿ ಕುರಿಚಿಯಿಂದಲೇ ನೆಗಮಕ್ಕೆ ಹೊರಡುತ್ತಿದ್ದೆ. ಅಷ್ಟರಲ್ಲಿ ಮಳೆ ಹಿಡಿದಿತ್ತು. ಮಗ್ಗದ ಕುಳಿಯಲ್ಲಿ ನೀರು ಜಿನುಗಿ, ತುಳಿಯುವ ಹಲಗೆಗಳು ಒದ್ದೆಯಾಗಿ, ಬೀದಿಯ ಮಗ್ಗಗಳೆಲ್ಲ ನಿಂತಿದ್ದವು. ಗಂಜಿ ಒಣಗದ ಕಾರಣ ಹಾಸು ಹಾಕುವ ಕೆಲಸವೂ ನಿಂತಿತ್ತು. ಆ ಕೆಲಸ ಮಾಡುವವರು ಮಾಮನ ದೊಡ್ಡಪ್ಪನ ಮಗ. ಅವರ ಹೆಸರೂ ರಾಮಲಿಂಗಂ. ಹಾಸುನೂಲಿಗೆ ತಮಿಳಿನಲ್ಲಿ ಪಾವು ಎನ್ನುವುದರಿಂದ ಅವರನ್ನು ಪಾವು ರಾಮಲಿಂಗ ಎಂದು ಕರೆಯುತ್ತೇವೆ. ಕೆಲಸವಿಲ್ಲದ ಪಾವು ರಾಮಲಿಂಗ ನಮ್ಮ ಜಗುಲಿಯಲ್ಲೇ ಬೀಡುಬಿಟ್ಟಿದ್ದರು. ಮಗ್ಗದ ಸದ್ದು ಇಲ್ಲದಿದ್ದುದರಿಂದ ಧ್ವನಿಮುದ್ರಣಕ್ಕೆ ಅನುಕೂಲವಾಯಿತು. ಹೆಂಚಿನ ಮೇಲೆ ಮಳೆ ಜೋರಾದರೆ ನಿಲ್ಲಿಸುವುದು, ಕಡಿಮೆಯಾದರೆ ಮುಂದುವರಿಸುವುದು. ಪಾವು ರಾಮಲಿಂಗರನ್ನು ಸುಮ್ಮನಿರಿಸುವುದು ಮಳೆಯನ್ನು ನಿಲ್ಲಿಸುವುದಕ್ಕಿಂತ ಕಷ್ಟವಾಗಿತ್ತು.

ಮೊದಲ ದಿನ ಆ ಮುದ್ರಿತ ಮಾರ್ಗದರ್ಶಿಯಲ್ಲಿದ್ದ ವಾಕ್ಯಗಳನ್ನು ಕನ್ನಡಕ್ಕೆ ತಂದು ನಾನು ಓದಿದೆ. ಮಾಮ ಅದನ್ನು ತಿರುಗಿ ಹೇಳಬೇಕು.

"ದಯವಿಟ್ಟು ನನಗೆ ನೀರು ಕೊಡಿ" ಎಂದು ಓದಿದೆ.

ಮಾಮ ನನ್ನ ಮುಖ ನೋಡಿದರು. "ಯಾರ್ ಹತ್ರ ಕೇಳ್ಬೇಕು ಅಮ್ಮಿಣಿ ಇದನ್ನ? ಕಲೆಕ್ಟರ್ ಹತ್ರವಾ?"

ಅಮ್ಮಿಣಿ ಎಂಬುದು ನಮ್ಮ ಕಡೆ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವ ಮಾತು. ನಾನು, "ಅತ್ತೆ ಹತ್ರ, ಮಾಮ" ಎಂದೆ.

"ನಿನ್ ಅತ್ತೆ ಹತ್ರ ದಯವಿಟ್ಟು ಅಂದ್ರೆ ಅವ್ಳು ನೀರು ತರೋದಿಲ್ಲ, ಡಾಕ್ಟ್ರನ್ನ ಕರ್ಕೊಂಡ್ ಬತ್ತಾಳೆ. ಇವನಿಗೆ ಏನೋ ಆಗ್‌ಬಿಟ್ತು ಅಂತ."

ಜಗುಲಿಯಿಂದ ಪಾವು ರಾಮಲಿಂಗ, "ತಂಬಿ, ಬೈಗಳು ಎರಡು ಸೇರ್ಸಿ ಇಟ್ಕೊ. ಅದಿಲ್ದೆ ನೀನು ಅಂತ ಯಾರಿಗೂ ಗೊತ್ತಾಗಲ್ಲ" ಎಂದು ಸಲಹೆ ಕೊಟ್ಟರು.

ಅವರ ಸಲಹೆಯಲ್ಲಿ ಸತ್ಯವಿತ್ತು. ನಿಮ್ಮವರು ದಿನನಿತ್ಯ ಹೇಗೆ ಮಾತಾಡುತ್ತಾರೋ ಹಾಗೆಯೇ ಇರಲಿ ಎಂದು ಮಾರ್ಗದರ್ಶಿಯಲ್ಲೂ ಬರೆದಿತ್ತು. ನನ್ನ ವಾಕ್ಯಗಳನ್ನು ಮಡಿಸಿಟ್ಟು, ಮಾಮ ಹೇಳಿದ್ದನ್ನೇ ಬರೆದುಕೊಂಡು, ಅದನ್ನೇ ಅವರಿಂದ ಮತ್ತೆ ಹೇಳಿಸಿದೆ. "ಬಂದ್ಯಾ ಸಾಮಿ, ಮೊದ್ಲು ಉಂಡ್ಕೋ." "ಬಸ್ ಸಿಕ್ಕಿತಾ?" "ಏ ನಾಗೂ, ಕಾಪಿ ಏನಾಯ್ತು?" "ನೂಲು ಕಡಿತಾ ಇದೆ, ಮೆಲ್ಲಗೆ ತುಳಿ." "ನೋವ್ತಾ ಇದೆ, ಆದ್ರೆ ಅಷ್ಟೊಂದಿಲ್ಲ." ದಿನದಿನಕ್ಕೆ ಧ್ವನಿ ಇನ್ನಷ್ಟು ಒಡೆಯುತ್ತಿತ್ತು. ಎರಡು ಮಾತು ಹೇಳಿದರೆ ಒಂದು ಲೋಟ ಬಿಸಿನೀರು ಬೇಕಾಗುತ್ತಿತ್ತು. ಆದರೂ ಒಂದು ದಿನವೂ ಬೇಡವೆನ್ನಲಿಲ್ಲ.

ಬೇಡವೆಂದವರು ಅತ್ತೆ. ಧ್ವನಿ ಕದ್ದು ಮೋಸ ಮಾಡುವವರ ಸುದ್ದಿ ಆಗ ಟಿವಿಯಲ್ಲಿ ದಿನವೂ ಬರುತ್ತಿತ್ತು. ಮಗನ ಧ್ವನಿಯಲ್ಲಿ ತಾಯಿಗೆ ಫೋನ್ ಮಾಡಿ, ಅಪಘಾತವಾಗಿದೆ ಎಂದು ನಂಬಿಸುತ್ತಾರಂತೆ. ಅತ್ತೆ ಸೌಟು ಹಿಡಿದುಕೊಂಡೇ ಬಂದು, "ಇವ್ರ ಧ್ವನಿ ಎಲ್ಲಾ ಆ ಫೋನ್ ಒಳಗೆ ಹಾಕ್ತಿಯಲ್ಲ ಅಮ್ಮಿಣಿ, ಯಾವನಾದ್ರೂ ಕಳ್ಳ ತಕೊಂಡು ನನ್ ಹತ್ರ ಇವ್ರ ಥರಾನೇ ಮಾತಾಡಿದ್ರೆ?" ಎಂದು ಕೇಳಿದರು.

"ಮಾತಾಡ್ಲಿ ಬಿಡು" ಎಂದರು ಮಾಮ. "ನನ್ ಧ್ವನಿ ಕೇಳಿದ ತಕ್ಷಣ ನೀನು ಬೈಯೋಕೆ ಶುರು ಮಾಡ್ತೀಯಲ್ಲ, ಕಳ್ಳ ಫೋನ್ ಬಿಸಾಕಿ ಓಡ್ತಾನೆ."

ಅತ್ತೆಯ ಭಯವನ್ನು ನಾನು ತಳ್ಳಿಹಾಕಲಿಲ್ಲ. ಅದೇ ವಾರ ಒಂದು ಕಂಪನಿಯ ಆ್ಯಪ್ ಕಣ್ಣಿಗೆ ಬಿದ್ದಿತ್ತು. ಸ್ವಲ್ಪ ಧ್ವನಿ ಕೊಟ್ಟರೆ ಸಾಕು, ಮುಂದೆ ಯಾವ ವಾಕ್ಯವನ್ನು ಬೇಕಾದರೂ ಅದೇ ಧ್ವನಿಯಲ್ಲಿ ಹೇಳಿಸುತ್ತೇವೆ ಎಂಬ ಜಾಹೀರಾತು. ಮನಸ್ಸು ಸೋತಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಷರತ್ತುಗಳನ್ನು ಓದದೆ ಒಪ್ಪುವ ಅಭ್ಯಾಸ ನನಗಿಲ್ಲ. ಕೊಟ್ಟ ಧ್ವನಿಯನ್ನು ಕಂಪನಿ ಯಾವ ಕಾಲಕ್ಕೂ, ಯಾವ ಉದ್ದೇಶಕ್ಕೂ ಬಳಸಬಹುದು, ಕೊಟ್ಟವರು ಅನುಮತಿಯನ್ನು ಹಿಂತೆಗೆದುಕೊಳ್ಳುವಂತಿಲ್ಲ ಎಂದು ಕೆಳಗೆ ಸಣ್ಣ ಅಕ್ಷರಗಳಲ್ಲಿತ್ತು. ಮಾಮನಿಗೆ ಓದಿ ಹೇಳಿದೆ.

"ಅಂದ್ರೆ ಪತ್ರ ಮಾಡ್ಕೊಟ್ಟಂಗೆ. ನಮ್ಮನೇಲಿ ನಾವೇ ಬಾಡಿಗೆಗೆ ಇರೋದಾ? ಬೇಡ ಅಮ್ಮಿಣಿ, ಹೇಳಿದಷ್ಟು ಮಾತು ಸಾಕು" ಎಂದರು. ಮಾಮ ಬೇಡವೆಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಶಸ್ತ್ರಚಿಕಿತ್ಸೆಯ ದಿನ ಬಂತು. ಒಳಗೆ ಕರೆದೊಯ್ಯುವ ಮೊದಲು ಮಾಮ ಎಲ್ಲರೊಡನೆ ಒಂದೊಂದು ಮಾತಾಡಿದರು. ದಾದಿಗೆ "ಊಟ ಆಯ್ತುಂಗಳಾ ತಾಯಿ" ಎಂದರು. ಅತ್ತೆಗೆ ಏನು ಹೇಳಿದರೋ ನನಗೆ ಕೇಳಿಸಲಿಲ್ಲ, ಕೇಳುವುದು ಉಚಿತವೂ ಅಲ್ಲ. ಸಂಜೆಗೆ ವೈದ್ಯರು ಹೊರಬಂದು, ಗಂಟು ಪೂರ್ತಿ ತೆಗೆದಾಗಿದೆ, ಜೀವಕ್ಕೆ ಭಯವಿಲ್ಲ ಎಂದರು. ನಾವು ಕುಳಿತಲ್ಲಿಯೇ ಕೈಮುಗಿದೆವು.

ಮಾಮ ಕಣ್ಣು ಬಿಟ್ಟು, ಎದ್ದು ಕೂರುವಂತಾದ ಮೇಲೆ ಚಿಕಿತ್ಸೆಯ ಹುಡುಗಿ ಬಂದು, ಇನ್ನು ಗುಂಡಿಗಳನ್ನು ಜೋಡಿಸೋಣ ಎಂದಳು. ಮಾಮನ ಫೋನ್ ತೆರೆದೆ. ಧ್ವನಿಮುದ್ರಣಗಳಿದ್ದ ಜಾಗ ಖಾಲಿ. ಫೋನಿನಲ್ಲಿ ಜಾಗ ಸಾಲದೆ ಬಂದಾಗ, ಎಲ್ಲವೂ ಅಂತರ್ಜಾಲದ ಖಾತೆಯಲ್ಲಿ ಭದ್ರವಾಗಿದೆ, ಫೋನಿನಿಂದ ತೆಗೆದುಹಾಕಲೇ ಎಂದು ಅದು ಕೇಳಿತ್ತೆಂದು ಅತ್ತೆ ಹೇಳಿದರು. ಮಾಮ ತಮ್ಮ ಸ್ವಭಾವದಂತೆ ಆಗಲಿ ಎಂದು ಒತ್ತಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಖಾತೆಯಲ್ಲಿ ಇದ್ದೇ ಇರಬೇಕಲ್ಲ. ಖಾತೆಗೆ ಹೋದೆ. ಪರದೆಯ ಮೇಲೆ ಇಷ್ಟೇ ಇತ್ತು: ನಿಯಮಗಳ ಉಲ್ಲಂಘನೆಯ ಕಾರಣ ಈ ಖಾತೆಯನ್ನು ಮುಚ್ಚಲಾಗಿದೆ. ನಿಗದಿತ ಅವಧಿಯ ನಂತರ ಇದರಲ್ಲಿರುವುದೆಲ್ಲ ಅಳಿಸಲ್ಪಡುತ್ತದೆ.

ಆ ಕ್ಷಣದಲ್ಲಿ ಮಾಮ ನನ್ನ ಮುಖವನ್ನೇ ನೋಡುತ್ತಿದ್ದರು. ಕೇಳಲು ಅವರಿಗೆ ಧ್ವನಿ ಇರಲಿಲ್ಲ.

ಅವರ ಧ್ವನಿ ಬೇರೆಲ್ಲಾದರೂ ಇದೆಯೇ ಎಂದು ಹುಡುಕಿದೆವು. ಮಾಮ ಧ್ವನಿಸಂದೇಶ ಕಳಿಸುವವರಲ್ಲ, ಏನಿದ್ದರೂ ನೇರವಾಗಿ ಫೋನ್ ಮಾಡುವವರು. ಒಂದು ಮದುವೆಯ ವಿಡಿಯೋದಲ್ಲಿ ಅವರು ಬಾಯಿ ಆಡಿಸುವುದು ಕಾಣುತ್ತದೆ, ನಾಗಸ್ವರದಲ್ಲಿ ಮಾತು ಮುಳುಗಿದೆ. ಇದ್ದದ್ದೆಲ್ಲ ಆ ಮುಚ್ಚಿದ ಖಾತೆಯಲ್ಲೇ.

ಕಾರಣ ತಿಳಿದದ್ದು ಮಾರನೆಯ ದಿನ. ಪಾವು ರಾಮಲಿಂಗ ಆಸ್ಪತ್ರೆಗೆ ಬಂದವರೇ ನನ್ನ ಮೇಲೆ ಹರಿಹಾಯ್ದರು. "ನನ್ ಫೋನ್‌ಗೆ ಏನ್ ಮಾಡ್ದೆ ಅಮ್ಮಿಣಿ? ಬೆಳಿಗ್ಗೆ ಕಳಿಸೋ ಹೂವಿನ ಪಟ ಎಲ್ಲಾ ಹೋಯ್ತು! ಎದುರುಮನೆ ಬಸ್ ರಾಮಲಿಂಗನದೂ ಹಂಗೇ ಆಗಿದೆ."

ಬಸ್ ರಾಮಲಿಂಗ ಎಂದರೆ ಮೂರನೆಯವರು, ಚಿಕ್ಕಪ್ಪನ ಮಗ, ನಿವೃತ್ತ ಕಂಡಕ್ಟರ್. ಆಗ ನನಗೆ ಹೊಳೆಯಿತು. ನಮ್ಮಲ್ಲಿ ಮೊದಲ ಮೊಮ್ಮಗನಿಗೆ ಅಜ್ಜನ ಹೆಸರಿಡಬೇಕೆಂಬುದು ಪದ್ಧತಿ. ಮಾಮನ ಅಜ್ಜ ರಾಮಲಿಂಗರಿಗೆ ಮೂವರು ಗಂಡುಮಕ್ಕಳು: ರಂಗಸಾಮಿ, ರಾಜಪ್ಪ, ರಾಜು. ಮೂವರೂ ತಮ್ಮ ತಮ್ಮ ಹಿರಿಯ ಮಗನಿಗೆ ರಾಮಲಿಂಗಂ ಎಂದೇ ಹೆಸರಿಟ್ಟರು. ತಂದೆಯ ಹೆಸರಿನ ಮೊದಲಕ್ಷರ ಮುಂದೆ ಸೇರಿ ಮೂವರೂ ಆರ್. ರಾಮಲಿಂಗಂ ಆದರು. ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲದ ಕಾರಣ ಹೆಡ್‌ಮಾಸ್ಟರು ಶಾಲೆ ತೆರೆಯುವ ದಿನವನ್ನೇ ಒಟ್ಟಿಗೆ ಸೇರಿದ ಮೂವರಿಗೂ ಬರೆದುಕೊಂಡರು. ಫೋನ್ ಕೊಂಡಾಗ ಅಂಗಡಿಯವನು ಖಾತೆ ತೆರೆಯುತ್ತಾ, ಆಪತ್ತಿಗೆಂದು ಇನ್ನೊಂದು ನಂಬರ್ ಕೇಳಿದ. ಉಳಿದಿಬ್ಬರೂ ಮೂಲೆಮನೆಯ ನಂಬರನ್ನೇ ಕೊಟ್ಟರು. ಕಾಗದ ಬರುವುದು ಅಲ್ಲಿಗೇ ತಾನೆ? ಮಾಮ ಅಂದದ್ದು ನನಗೆ ನೆನಪಿದೆ: "ಅದ್ಕೇನು, ಆಗ್ಲಿ, ನನ್ ನಂಬರೇ ಹಾಕು."

ಒಂದೇ ಹೆಸರು, ಒಂದೇ ಹುಟ್ಟಿದ ದಿನ, ಒಂದೇ ಬೀದಿ, ಒಂದೇ ನಂಬರ್. ಅದರ ಮೇಲೆ ಕೆಲವೇ ವಾರಗಳಲ್ಲಿ ರಾಶಿ ಧ್ವನಿಮುದ್ರಣ. ಒಬ್ಬ ಮನುಷ್ಯ ಮೂರು ವೇಷ ಹಾಕಿ ಏನೋ ಮೋಸ ನಡೆಸುತ್ತಿದ್ದಾನೆ ಎಂದು ಕಂಪನಿಯ ಯಂತ್ರ ತೀರ್ಮಾನಿಸಿತ್ತು. ನಮ್ಮ ಬೀದಿಯನ್ನು ಒಂದು ಸಲ ನೋಡಿದ ಯಾವ ಮನುಷ್ಯನೂ ಹಾಗೆ ತೀರ್ಮಾನಿಸುತ್ತಿರಲಿಲ್ಲ.

ಆ ಮನುಷ್ಯನನ್ನು ಹುಡುಕುವುದೇ ನನ್ನ ಕೆಲಸವಾಯಿತು. ಖಾತೆಯ ಕಂಪನಿಗೆ ಪತ್ರ ಬರೆದೆ. ನನಗೆ ತಿಳಿದಿರುವ ವಿನಯವನ್ನೆಲ್ಲ ಅದರಲ್ಲಿ ತುಂಬಿದೆ. ತಮ್ಮ ಅಮೂಲ್ಯ ಸೇವೆಗೆ ಕೃತಜ್ಞತೆ, ಉಂಟಾದ ತೊಂದರೆಗೆ ವಿಷಾದ, ಸಹಾನುಭೂತಿಯಿಂದ ಪರಿಶೀಲಿಸಬೇಕೆಂಬ ಕೋರಿಕೆ. ಕಳಿಸಿದ ಮರುಗಳಿಗೆಯಲ್ಲೇ ಉತ್ತರ ಬಂತು: ಪರಿಶೀಲಿಸಲಾಗಿದೆ, ನಿರ್ಧಾರದಲ್ಲಿ ಬದಲಾವಣೆಯಿಲ್ಲ. ಅಷ್ಟು ಹೊತ್ತಿನಲ್ಲಿ ನನ್ನ ಪತ್ರದ ಮೊದಲ ಪ್ಯಾರಾವನ್ನೂ ಯಾರೂ ಓದಿರಲಾರರು. ಮತ್ತೆ ಬರೆದೆ, ಇನ್ನೂ ವಿನಯದಿಂದ. ಮತ್ತೆ ಅದೇ ಉತ್ತರ, ಅಕ್ಷರವೂ ಬದಲಾಗದೆ.

ಮಾಮ ಮನೆಗೆ ಬಂದರು. ಕುತ್ತಿಗೆಯಲ್ಲಿ ಉಸಿರಾಡುವ ರಂಧ್ರ, ಅದರ ಮೇಲೆ ಅತ್ತೆ ತಮ್ಮ ಮಗ್ಗದ ಬಟ್ಟೆಯಲ್ಲೇ ಹೊಲಿದ ತೆಳುವಾದ ಪಟ್ಟಿ. ಬರೆದದ್ದನ್ನು ಓದಿ ಹೇಳುವ ಒಂದು ಉಚಿತ ಆ್ಯಪನ್ನು ತಾತ್ಕಾಲಿಕವಾಗಿ ಹಾಕಿಕೊಟ್ಟೆ. ಮಾಮನ ಪರವಾಗಿ ಕನ್ನಡ ಅಕ್ಷರ ಒತ್ತಿದವಳು ನಾನು. "ನನಗೆ ಸ್ವಲ್ಪ ಕಾಫಿ ಬೇಕಾಗಿದೆ" ಎಂದು ಫೋನ್ ಗಂಭೀರವಾಗಿ ನುಡಿಯಿತು.

ಅತ್ತೆ ಬೆಚ್ಚಿ ಅಡುಗೆಮನೆಯಿಂದ ಬಂದರು. "ಯಾರದು ಬಂದಿರೋದು? ಬೆಂಗ್ಳೂರ್‌ನಿಂದ ಆಫೀಸರಾ?"

ಪಾವು ರಾಮಲಿಂಗ ನಕ್ಕು ನಕ್ಕು ಜಗುಲಿಯ ಕಂಬ ಹಿಡಿದುಕೊಂಡರು. ಮಾಮನೂ ನಕ್ಕರು, ಸದ್ದಿಲ್ಲದೆ, ಭುಜ ಮಾತ್ರ ಕುಣಿಯಿತು. ಆಮೇಲೆ ಫೋನನ್ನು ಮಗುಚಿಟ್ಟರು. ಅಂದಿನಿಂದ ಅದನ್ನು ಮುಟ್ಟಲಿಲ್ಲ. ಏನಾದರೂ ಬೇಕಾದರೆ ಮಗ್ಗದ ಹಲಗೆಯನ್ನು ಬೆರಳಿನಿಂದ ತಟ್ಟುತ್ತಿದ್ದರು. ಮಾತಿಲ್ಲದ ಮನೆಯಲ್ಲಿ ಅತ್ತೆ ರೇಡಿಯೋ ಹಾಕುವರು, ಆರಿಸುವರು, ಮತ್ತೆ ಹಾಕುವರು. ಒಂದು ಸಂಜೆ ನನ್ನ ಕೈ ಹಿಡಿದು, "ಬೈಯೋಕೆ ಆಳಿಲ್ದೆ ನಾಲಿಗೆ ತುಕ್ಕು ಹಿಡಿತಾ ಇದೆ ಅಮ್ಮಿಣಿ. ಎದುರು ಮಾತಾಡದವರನ್ನ ಹೆಂಗೆ ಬೈಯ್ಲಿ?" ಎಂದರು. ಹೊರಗೆ ಮಳೆ ಸುರಿಯುತ್ತಲೇ ಇತ್ತು. ಅಳಿಸುವ ಅವಧಿ ಹತ್ತಿರವಾಗುತ್ತಲೇ ಇತ್ತು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ, ಊಟದ ವಿರಾಮದಲ್ಲಿ, ಬಳಕೆದಾರರ ಹಕ್ಕುಗಳ ಬಗ್ಗೆ ಕೆಲವು ಸ್ವಯಂಸೇವಕರು ನಡೆಸುವ ಒಂದು ವೆಬ್‌ಸೈಟ್ ನನಗೆ ಸಿಕ್ಕಿತು. ಖಾತೆ ಮುಚ್ಚಿದರೆ ಏನು ಮಾಡಬೇಕು ಎಂಬುದಕ್ಕೇ ಅದರಲ್ಲಿ ಒಂದು ಪುಟವಿತ್ತು. ಇಂತಹ ದೊಡ್ಡ ಕಂಪನಿಗಳು ನಮ್ಮ ದೇಶದಲ್ಲಿ ಒಬ್ಬ ದೂರು ಅಧಿಕಾರಿಯನ್ನು ನೇಮಿಸಲೇಬೇಕು, ಅವರ ವಿಳಾಸವನ್ನು ಪ್ರಕಟಿಸಲೇಬೇಕು, ಬಂದ ದೂರಿಗೆ ಸ್ವೀಕೃತಿ ಕೊಟ್ಟು ಗೊತ್ತಾದ ಅವಧಿಯೊಳಗೆ ತೀರ್ಮಾನಿಸಲೇಬೇಕು, ಅದೂ ಸರಿಹೋಗದಿದ್ದರೆ ಸರ್ಕಾರ ನೇಮಿಸಿದ ಸಮಿತಿಗೆ ಮನೆಯಿಂದಲೇ ಅಪೀಲು ಮಾಡಬಹುದು. ಓದುತ್ತಾ ಓದುತ್ತಾ ನನ್ನ ಬೆನ್ನು ನೆಟ್ಟಗಾಯಿತು. ಇಷ್ಟು ದಿನ ನಾನು ದಯೆ ಬೇಡುತ್ತಿದ್ದೆ. ಇದು ದಯೆಯ ವಿಷಯವೇ ಆಗಿರಲಿಲ್ಲ.

ಅದೇ ಪುಟದಲ್ಲಿ ಇನ್ನೊಂದು ಸೂಚನೆಯಿತ್ತು: ಮೊದಲ ವಾಕ್ಯದಲ್ಲೇ ಏನು ಬೇಕೆಂದು ಹೇಳಿ, ಆಮೇಲೆ ನಡೆದದ್ದನ್ನು ಹೇಳಿ, ಸಾಕ್ಷಿ ಲಗತ್ತಿಸಿ, ನಿಲ್ಲಿಸಿ. ನನ್ನ ಸೇವಾವಧಿಯಲ್ಲಿ ಇಷ್ಟು ಕಷ್ಟದ ಪತ್ರವನ್ನು ನಾನು ಬರೆದಿಲ್ಲ. ವಿನಯದ ಸಾಲುಗಳನ್ನು ಒಂದೊಂದಾಗಿ ಹೊಡೆದುಹಾಕಿದಾಗ ಎಲೆ ಹಾಕದೆ ಅತಿಥಿಗೆ ಬಡಿಸಿದಂತೆ ಸಂಕೋಚವಾಯಿತು.

ಸಾಕ್ಷಿಗೆ ಏನು ಕೊಡುವುದು? ಮೂವರ ಗುರುತಿನ ಚೀಟಿ ನೋಡಿದರೆ ಯಂತ್ರಕ್ಕೆ ಬಂದ ಸಂಶಯವೇ ಮನುಷ್ಯರಿಗೂ ಬರುವಂತಿತ್ತು. ಉಪಾಯ ಹೇಳಿದವರು ಪಾವು ರಾಮಲಿಂಗ. "ಮೂರು ಜನಾನೂ ಒಟ್ಟಿಗೆ ನಿಲ್ತೀವಿ, ವಿಡಿಯೋ ತೆಗಿ. ಒಬ್ನೇ ಮೂರು ಕಡೆ ನಿಲ್ಲೋಕೆ ಆಗುತ್ತಾ? ಸೌಡಮ್ಮನ ಗುಡಿ ಮುಂದೆ ಸುಳ್ಳು ಹೇಳ್ತಾರಾ?"

ಭಾನುವಾರ ಬೆಳಿಗ್ಗೆ ಮಳೆ ಬಿಟ್ಟಿದ್ದಾಗ ಮೂವರೂ ಗುಡಿಯ ಜಗುಲಿಯ ಮೇಲೆ ನಿಂತರು. ಮೂವರೂ ಒಗೆದ ವೇಷ್ಟಿ ಉಟ್ಟಿದ್ದರು, ಹಣೆಗೆ ವಿಭೂತಿ. ಕೈಯಲ್ಲಿ ಗುರುತಿನ ಚೀಟಿ. ನಾನು ಫೋನ್ ಹಿಡಿದೆ. ಬಸ್ ರಾಮಲಿಂಗ ಟಿಕೆಟ್ ಕೇಳುವ ಧ್ವನಿಯಲ್ಲಿ ತಮಿಳಿನಲ್ಲಿ ತಮ್ಮ ಹೆಸರು, ತಂದೆಯ ಹೆಸರು ಹೇಳಿದರು. ಪಾವು ರಾಮಲಿಂಗ ತಮ್ಮದನ್ನು ಹೇಳಿ, ಹೂವಿನ ಪಟಗಳ ವಿಷಯವನ್ನೂ ಸೇರಿಸಿದರು. ಆಮೇಲೆ ಮಾಮನ ಸರದಿ. ಮಾಮ ಬಾಯಿ ತೆರೆದರು. ಅಭ್ಯಾಸಬಲದಿಂದ ತೆರೆದರು. ತುಟಿಗಳು ಹೆಸರಿನ ಆಕಾರಕ್ಕೆ ಹೊರಳಿದವು, ಕುತ್ತಿಗೆಯ ಪಟ್ಟಿ ಉಸಿರಿಗೆ ಒಮ್ಮೆ ಅಲುಗಿತು, ಅಷ್ಟೇ. ಅವರು ಚೀಟಿಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಸುಮ್ಮನೆ ನಿಂತರು.

ಪಾವು ರಾಮಲಿಂಗ ಮಾಮನ ಹೆಗಲ ಮೇಲೆ ಕೈಯಿಟ್ಟು ಫೋನಿನ ಕಡೆ ನೋಡಿದರು. ಈ ಸಲ ಮನೆಯ ಮಾತಿನಲ್ಲೇ ಹೇಳಿದರು: "ಇವನೂ ರಾಮಲಿಂಗನೇ. ಇವನಿಗೆ ಹೇಳೋಕೆ ಆಗಲ್ಲ. ಇವನ ಮಾತೆಲ್ಲ ನಿಮ್ಮ ಹತ್ರ ಇದೆ. ಕೊಟ್‌ಬಿಡಿ ಸಾಮಿ."

ಆ ಮಾತನ್ನು ಹಾಗೆಯೇ ಇಂಗ್ಲಿಷಿಗೆ ತಂದು ಪತ್ರದ ಮೊದಲ ವಾಕ್ಯ ಮಾಡಿದೆ. ಮಾಮನ ಸಹಿ ಹಾಕಿಸಿ, ಆಸ್ಪತ್ರೆಯ ಕಾಗದ, ವಿಡಿಯೋ ಸೇರಿಸಿ ದೂರು ಅಧಿಕಾರಿಗೆ ಕಳಿಸಿದೆ. ಸ್ವೀಕೃತಿ ಬಂತು, ಅದರಲ್ಲಿ ಒಂದು ಸಂಖ್ಯೆ ಇತ್ತು. ಕಚೇರಿಯ ಕೆಲಸ ಮಾಡಿದವರಿಗೆ ಸಂಖ್ಯೆ ಸಿಕ್ಕರೆ ಎಷ್ಟು ಧೈರ್ಯವೆಂಬುದು ಗೊತ್ತಿರುತ್ತದೆ. ಆದರೂ ಕಾಯುವುದು ಕಾಯುವುದೇ. ಊಟದ ಡಬ್ಬಿ ತೆರೆದರೂ, ಬಸ್ಸು ಹತ್ತಿದರೂ ಮೊದಲು ಫೋನ್ ನೋಡುತ್ತಿದ್ದೆ.

ಉತ್ತರ ಬಂದಾಗ ಕಾರ್ಖಾನೆಯಲ್ಲಿ ಕುಲುಮೆಯಿಂದ ಕಬ್ಬಿಣ ಇಳಿಸುತ್ತಿದ್ದರು. ಆ ಸದ್ದಿನಲ್ಲಿ ಫೋನ್ ಕೇಳಿಸಲಿಲ್ಲ, ಮೇಜಿನ ಮೇಲೆ ನಡುಗಿದ್ದು ಕಂಡಿತು. ತಾವು ಸಲ್ಲಿಸಿದ ದಾಖಲೆಗಳನ್ನು ಪರಿಶೀಲಿಸಿದೆವು, ಮೂರೂ ಖಾತೆಗಳನ್ನು ಪುನಃ ತೆರೆಯಲಾಗಿದೆ, ತೊಂದರೆಗೆ ವಿಷಾದಿಸುತ್ತೇವೆ. ಕೆಳಗೆ ಒಬ್ಬ ಮನುಷ್ಯರ ಹೆಸರಿತ್ತು. ಓದಿದೆ. ಆದೇಶವನ್ನು ಓದುವಂತೆ ಮತ್ತೆ ನಿಧಾನವಾಗಿ ಓದಿದೆ. ಖಾತೆಗೆ ಹೋಗಿ ಒಂದು ಧ್ವನಿಮುದ್ರಣ ಒತ್ತಿ ಕಿವಿಗೆ ಹಿಡಿದೆ. ಹೆಂಚಿನ ಮೇಲಿನ ಮಳೆ, ಅದರ ಹಿಂದಿನಿಂದ, "ಬಸ್ ಸಿಕ್ಕಿತಾ?" ನನ್ನ ಮೇಲಧಿಕಾರಿ ಗಾಬರಿಯಿಂದ ಎದ್ದು ಬಂದು ಏನಾಯಿತೆಂದು ಕೇಳಿದರು. ಅರ್ಧ ದಿನದ ರಜೆ ಬೇಕೆಂದಷ್ಟೇ ಹೇಳಲು ಸಾಧ್ಯವಾಯಿತು.

ಮೊದಲು ಎಲ್ಲವನ್ನೂ ಕಚೇರಿಯ ಕಂಪ್ಯೂಟರಿಗೆ ಇಳಿಸಿಕೊಂಡು ಮೂರು ಪೆನ್‌ಡ್ರೈವ್‌ಗಳಿಗೆ ಹಾಕಿದೆ. ಮುಖ್ಯವಾದದ್ದನ್ನು ಒಂದೇ ಕಡೆ ಇಡಬೇಡಿ ಎಂಬುದು ಆ ಸ್ವಯಂಸೇವಕರ ಪುಟದ ಕೊನೆಯ ಸೂಚನೆಯಾಗಿತ್ತು. ಇಂದಿಗೂ ಒಬ್ಬೊಬ್ಬ ರಾಮಲಿಂಗರ ಮನೆಯಲ್ಲಿ ಒಂದೊಂದಿದೆ. ಪಾವು ರಾಮಲಿಂಗ ತಮ್ಮದನ್ನು ದೇವರ ಗೂಡಿನಲ್ಲಿಟ್ಟು, ಶುಕ್ರವಾರ ಅದಕ್ಕೂ ಕುಂಕುಮ ಇಡುತ್ತಾರೆ. ಖಾತೆಯ ಆಪತ್ತಿನ ನಂಬರ್ ಈಗ ಮೂವರಿಗೂ ಬೇರೆ ಬೇರೆ. ಕಾಗದಗಳು ಮಾತ್ರ ಮೂಲೆಮನೆಗೇ ಬರುತ್ತವೆ.

ಅಂದು ಕಿಣತ್ತುಕಡವಿನಲ್ಲಿ ಬಸ್ಸು ಬದಲಾಯಿಸಿ ನೆಗಮ ಸೇರಿದಾಗ ಬಿಸಿಲು ಬಿದ್ದಿತ್ತು. ಬೀದಿಯಲ್ಲಿ ಅಷ್ಟು ವಾರಗಳ ಬಳಿಕ ಹಾಸು ಬಿಗಿದಿದ್ದರು, ಗಂಜಿಯ ವಾಸನೆ ತುಂಬಿತ್ತು. ಪಾವು ರಾಮಲಿಂಗ ಕುಂಚ ಹಿಡಿದು ನಿಂತಲ್ಲಿಂದಲೇ, "ಏನಾಯ್ತು ಅಮ್ಮಿಣಿ, ಮುಖ ಹಿಂಗಿದೆ?" ಎಂದು ಕೂಗಿದರು. ನಾನು ತಲೆಯಾಡಿಸಿದೆ. ಅವರಿಗೆ ಅರ್ಥವಾಯಿತು. ಒದ್ದೆ ನೂಲನ್ನು ಅಲ್ಲೇ ಬಿಟ್ಟು ಹಿಂದೆಯೇ ಬಂದರು.

ಮಾಮ ಮಗ್ಗದ ಮುಂದೆ ಕುಳಿತು ಕುಳಿಯ ತೇವ ಒರೆಸುತ್ತಿದ್ದರು. ಅತ್ತೆ ಅಡುಗೆಮನೆಯಲ್ಲಿದ್ದರು, ನಾನು ಬಂದದ್ದು ಅವರಿಗೆ ಗೊತ್ತಾಗಿರಲಿಲ್ಲ. ಏನೂ ಹೇಳದೆ ಫೋನಿನ ಪರದೆಯ ಮೇಲೆ ಗುಂಡಿಗಳನ್ನು ಜೋಡಿಸಿ ಮಾಮನ ಕೈಗೆ ಕೊಟ್ಟೆ. ಅವರಿಗೆ ಕನ್ನಡ ಓದಲು ಬಾರದ ಕಾರಣ ಒಂದೊಂದರ ಮೇಲೂ ಚಿತ್ರ ಹಾಕಿದ್ದೆ: ಬಸ್ಸು, ಊಟದ ಎಲೆ, ನೂಲಿನ ಉಂಡೆ, ಕಾಫಿಯ ಲೋಟ. ಮಾಮ ಚಿತ್ರಗಳನ್ನು ನೋಡಿದರು, ನನ್ನನ್ನು ನೋಡಿದರು. ಒದ್ದೆ ಬೆರಳನ್ನು ವೇಷ್ಟಿಗೆ ಒರೆಸಿಕೊಂಡು ಲೋಟದ ಮೇಲೆ ಇಟ್ಟರು.

"ಏ ನಾಗೂ, ಕಾಪಿ ಏನಾಯ್ತು?"

ಒಡೆದ ಧ್ವನಿ, ಹಿಂದೆ ಮಳೆಯ ಸದ್ದು. ಆದರೆ ಮನೆಯ ಮೂಲೆಮೂಲೆಗೂ ಪರಿಚಯವಿದ್ದ 'ನಾಗೂ' ಎಂಬ ಆ ಎಳೆತ.

"ತಡೀರಿ, ಇರೋದೇ ಎರಡು ಕೈ!" ಎಂದು ಅಡುಗೆಮನೆಯಿಂದ ಉತ್ತರ ಬಂತು. "ಈಗ ತಾನೆ ಹಾಲು ಇಟ್ಟಿದ್ದೀನಿ. ಕೂತ ಕಡೆಯಿಂದ ಕೂಗೋದು ಒಂದು ಗೊತ್ತು, ನಲವತ್ತು ವರ್ಷ ಆಯ್ತು, ಇನ್ನೂ..."

ಅಲ್ಲಿಗೆ ಮಾತು ನಿಂತಿತು. ಒಳಗೆ ಏನೋ ಪಾತ್ರೆ ನೆಲಕ್ಕೆ ಬಿದ್ದು ಉರುಳುತ್ತಾ ಉರುಳುತ್ತಾ ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕಾಣಿಸಲಿಲ್ಲ. ಹಾಲು ಉಕ್ಕಿ ಒಲೆಯ ಮೇಲೆ ಚುಯ್ಯೆಂದ ಸದ್ದು ಮಾತ್ರ ಕೇಳಿಸಿತು.

ಮಾಮ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಮತ್ತೆ ಅದೇ ಗುಂಡಿ ಒತ್ತಿದರು.

"ಏ ನಾಗೂ, ಕಾಪಿ ಏನಾಯ್ತು?"

ಮೂಗು ಒರೆಸಿಕೊಂಡ ಧ್ವನಿಯಲ್ಲಿ ಅತ್ತೆ ಒಳಗಿನಿಂದಲೇ ಕೂಗಿದರು: "ಕೇಳ್ತು, ಕೇಳ್ತು! ಒಂದ್ ಸಲ ಒತ್ತಿದ್ರೆ ಸಾಕು, ನಂಗೇನು ಕಿವಿ ಕೇಳ್ಸಲ್ವಾ?"